ಒದ್ದೆಯಾಗದ ಸೋರಿಕೆ

ಅರಕಲಗೂಡು ಕಡೆಯ ಓದುಗರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಅವರ ಮೊಮ್ಮಗು ಹುಟ್ಟಿದ ಕೂಡಲೇ ಅಳಲಿಲ್ಲವಂತೆ. ಜುಲೈ ತಿಂಗಳು, ಜಡಿಮಳೆ. ಆಂಬುಲೆನ್ಸಿನಲ್ಲಿ ಹಾಸನಕ್ಕೆ ತಂದರು. ಅಲ್ಲಿನ ಡಾಕ್ಟರು ಮಗುವನ್ನು ‘ತಣ್ಣೀರಿನ ಹಾಸಿಗೆ’ ಮೇಲೆ ಮೂರು ದಿನ ಮಲಗಿಸಬೇಕು ಎಂದರು. ಚಳಿಗಾಳಿಗೆ ಕೂಸನ್ನು ತೋರಿಸಬಾರದು ಎಂದು ನಾಲ್ಕು ಪದರ ಬಟ್ಟೆ ಸುತ್ತುವ ನಮ್ಮ ಅಜ್ಜಿಯರಿಗೆ ಈ ಮಾತು ಎಂಥ ಸಂಕಟ ತಂದಿರಬೇಕು! ಅದಿರಲಿ, ಓದುಗರ ಪ್ರಶ್ನೆ ಬೇರೆಯದು. ಮೊದಲ ರಾತ್ರಿ ಗಾಜಿನಾಚೆಯಿಂದ ನೋಡುವಾಗ ಆ ಹಾಸಿಗೆಗೆ ನೀರು ತರುವ ಪೈಪಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಮಾರನೇ ದಿನ ನೋಡಿದರೆ ಒಣಗಿತ್ತು. ಯಾರೂ ರಿಪೇರಿ ಮಾಡಿದ್ದು ಕಾಣಲಿಲ್ಲ. ‘ಸೋರುವ ಮಿಷನ್ನಿನ ಮೇಲೆ ನಮ್ಮ ಮಗುವನ್ನು ಮಲಗಿಸಿದ್ದರೇ? ಸೋರಿದ್ದು ಅವರಿಗೆ ಗೊತ್ತಾಗಿತ್ತೇ?’ ಎಂದು ಕೇಳಿದ್ದಾರೆ. ಮಗು ಈಗ ಒಂಬತ್ತು ತಿಂಗಳದ್ದು, ಕೂರುತ್ತದೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ ಎಂದೂ ಕೊನೆಯಲ್ಲಿ ಬರೆದಿದ್ದಾರೆ. ಆ ಸಾಲು ಓದಿದ ಮೇಲೆ ನಿರಾಳವಾಗಿ ಈ ಅಂಕಣಕ್ಕೆ ಕೂತೆ.

ಇಂಥ ಪ್ರಶ್ನೆ ಇದೊಂದೇ ಅಲ್ಲ. 2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ದಿಢೀರನೆ ಸತ್ತರು ಎಂಬ ಸುದ್ದಿ ಹಬ್ಬಿತಲ್ಲ, ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ಮುಂದಾಳತ್ವದಲ್ಲಿ ಸಮಿತಿ ಮಾಡಿತಲ್ಲ, ಆಗಿನಿಂದ ಹೃದಯದ ವಿಷಯ ಕೇಳದ ಓದುಗರೇ ಇಲ್ಲ. ಚನ್ನರಾಯಪಟ್ಟಣದ ಸಂತೆಯಲ್ಲಿ ತೆಂಗಿನಕಾಯಿ ಎಣಿಸುವವರೂ ಇಸಿಜಿ, ಸ್ಟೆಂಟ್ ಅಂತ ಮಾತಾಡತೊಡಗಿದರು. ‘ಹೃದಯ ನಿಂತು ಮತ್ತೆ ಬಡಿದವರ ಮೈಯನ್ನು ತಣ್ಣಗೆ ಮಾಡುತ್ತಾರಂತೆ, ನಿಜವೇ?’ ಎಂದು ಹಲವರು ಕೇಳಿದ್ದರು. ಎರಡೂ ಪ್ರಶ್ನೆ ಒಂದೇ ಮಿಷನ್ನಿನ ಸುತ್ತ ಇವೆ. ಇಪ್ಪತ್ತೆಂಟು ವರ್ಷ ಆಸ್ಪತ್ರೆಗಳ ಮಿಷನ್ ರಿಪೇರಿ ಮಾಡಿಕೊಂಡು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ಟೂಲ್ ಬ್ಯಾಗ್ ಹೊತ್ತು ತಿರುಗಿದವನು ನಾನು. ಔಷಧದ ವಿಷಯ ಡಾಕ್ಟರಿಗೆ ಬಿಡುತ್ತೇನೆ. ಸೋರಿಕೆಯ ವಿಷಯ ಮಾತ್ರ ನನ್ನದು.

ಮೊದಲು ತಣ್ಣಗೆ ಮಾಡುವುದು ಯಾಕೆ ಅಂತ ನಾಲ್ಕು ಮಾತು. ಮಿದುಳಿಗೆ ಸ್ವಲ್ಪ ಹೊತ್ತು ಆಮ್ಲಜನಕ ಸಿಗದೆ ಹೋದರೆ, ಅದು ಮತ್ತೆ ಸಿಕ್ಕ ಮೇಲೂ ಹಾನಿ ನಿಲ್ಲುವುದಿಲ್ಲ. ಕೆಲವು ಗಂಟೆ ಬಿಟ್ಟು ಎರಡನೇ ಅಲೆ ಬರುತ್ತದೆ, ಜೀವಕೋಶಗಳು ಒಂದೊಂದಾಗಿ ಸಾಯತೊಡಗುತ್ತವೆ. ಮೈಯ ಬಿಸಿ ಒಂದು ಡಿಗ್ರಿ ಇಳಿದರೆ ಮಿದುಳಿನ ಹಸಿವು ಶೇಕಡಾ ಆರೇಳರಷ್ಟು ಇಳಿಯುತ್ತದೆ. ಹಸಿವು ಇಳಿದರೆ ಆ ಎರಡನೇ ಅಲೆಯ ಹೊಡೆತವೂ ತಗ್ಗುತ್ತದೆ ಎಂಬುದು ಲೆಕ್ಕಾಚಾರ. ಹುಟ್ಟಿದಾಗ ಉಸಿರುಗಟ್ಟಿದ, ತಿಂಗಳು ತುಂಬಿದ ಮಗುವಾದರೆ ಆರು ಗಂಟೆಯೊಳಗೆ ಶುರುಮಾಡಿ 33.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 72 ಗಂಟೆ ಇಡುತ್ತಾರೆ. ಆಮೇಲೆ ಗಂಟೆಗೆ ಅರ್ಧ ಡಿಗ್ರಿಯಂತೆ ಮೆಲ್ಲಗೆ ಬೆಚ್ಚಗೆ ಮಾಡುತ್ತಾರೆ. ರಾಮನಾಥಪುರದ ಕಡೆ ತಂಬಾಕು ಬ್ಯಾರನ್ ನೋಡಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಥರ್ಮಾಮೀಟರ್ ನೋಡುತ್ತಾ ಗಂಟೆಗಿಷ್ಟು ಎಂದು ಬಿಸಿ ಏರಿಸದೆ ಒಮ್ಮೆಲೇ ಸೌದೆ ತುರುಕಿದರೆ ಎಲೆ ಏನಾಗುತ್ತದೆ ಎಂದು ಅವರಿಗೆ ಗೊತ್ತು.

ಇದು ಎಲ್ಲರೂ ಒಪ್ಪಿದ ಮಾತು ಎಂದೂ ತಿಳಿಯಬೇಡಿ. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಏಳು ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ನಡೆದ ‘ಹೀಲಿಕ್ಸ್’ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ತಣ್ಣಗೆ ಮಾಡಿದ ಗುಂಪಿನಲ್ಲಿ ಶೇಕಡಾ 42, ಮಾಡದ ಗುಂಪಿನಲ್ಲಿ ಶೇಕಡಾ 31 ಶಿಶುಗಳು ತೀರಿಕೊಂಡಿದ್ದವು. ಮುಂದುವರಿದ ದೇಶಗಳಲ್ಲಿ ಕಂಡ ಲಾಭ ಇಲ್ಲಿ ಕಾಣಲಿಲ್ಲ. ಅಲ್ಲಿಂದ ನಮ್ಮ ನವಜಾತ ಶಿಶು ತಜ್ಞರಲ್ಲೇ ಎರಡು ಅಭಿಪ್ರಾಯ. ದೊಡ್ಡವರ ಕಥೆಯೂ ಹೀಗೇ. ಹೃದಯ ನಿಂತು ಮರಳಿದವರನ್ನು 32ರಿಂದ 34 ಡಿಗ್ರಿಗೆ ಇಳಿಸಿದರೆ ಒಳ್ಳೆಯದು ಎಂದು 2002ರಲ್ಲಿ ಯುರೋಪ್ ಮತ್ತು ಆಸ್ಟ್ರೇಲಿಯಾದ ಎರಡು ಅಧ್ಯಯನಗಳು ಹೇಳಿದವು. ಅದಕ್ಕಿಂತ ಬಹಳ ದೊಡ್ಡದಾದ 2021ರ ಅಧ್ಯಯನದಲ್ಲಿ 33ಕ್ಕೆ ಇಳಿಸಿದವರಿಗೂ ಬರೀ ಜ್ವರ ಬಾರದಂತೆ ನೋಡಿಕೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಸಿಗಲಿಲ್ಲ. ಹಾಗಾಗಿ ಈಗ ಹೆಚ್ಚಿನ ಕಡೆ ಈ ಮಿಷನ್ನಿನ ಕೆಲಸ ಮೈ ಮರಗಟ್ಟಿಸುವುದಲ್ಲ, 37.5ರ ಮೇಲೆ ಜ್ವರ ಏರದಂತೆ ಹಿಡಿದಿಡುವುದು. ಎಷ್ಟು ಇಳಿಸಬೇಕು ಎಂಬ ಜಗಳ ಏನೇ ಇರಲಿ, ಇಳಿಸಿದ್ದನ್ನು ಅಲುಗಾಡದಂತೆ ಹಿಡಿದಿಡಬೇಕು ಎನ್ನುವುದರಲ್ಲಿ ಎಲ್ಲರೂ ಒಂದೇ. ಸೋರಿಕೆ ಅಡ್ಡ ಬರುವುದು ಅಲ್ಲೇ.

ಮಿಷನ್ ಹೇಗಿರುತ್ತದೆ? ಒಂದು ಟ್ಯಾಂಕು, ನೀರನ್ನು ತಣ್ಣಗೆ ಅಥವಾ ಬೆಚ್ಚಗೆ ಮಾಡುವ ಭಾಗ, ಒಂದು ಪಂಪು, ಎರಡು ಪೈಪು, ಮೈಗೆ ತಾಗುವ ಪ್ಯಾಡು. ಪ್ಯಾಡೆಂದರೆ ಎರಡು ಪದರ ಪ್ಲಾಸ್ಟಿಕ್ಕನ್ನು ಬಿಸಿಯಿಂದ ಬೆಸೆದು ಒಳಗೆ ನೀರು ಓಡಾಡಲು ಓಣಿಗಳನ್ನು ಬಿಟ್ಟ ಹಾಸು. ರೋಗಿಯ ಮೈಯ ಬಿಸಿ ಅಳೆಯುವ ತಂತಿಯೊಂದು ಮಿಷನ್ನಿಗೆ ಹೋಗಿರುತ್ತದೆ. ಬಿಸಿ ಏರಿದರೆ ನೀರು ತಣ್ಣಗಾಗುತ್ತದೆ, ಇಳಿದರೆ ಬೆಚ್ಚಗಾಗುತ್ತದೆ. ಇಷ್ಟೇ. ತೆಂಗಿನ ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಸೋರುವ ಜಾಗಗಳೂ ಅವೇ. ಜಾಯಿಂಟು, ವಾಷರು, ಮಡಿಕೆ. ಬೀರುವಿನಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಸೀರೆ ಆ ಮಡಿಕೆಯಲ್ಲೇ ಸೀಳುತ್ತದಲ್ಲ, ಪ್ಯಾಡೂ ಹಾಗೇ. ಎಷ್ಟೋ ವಾರ್ಡುಗಳಲ್ಲಿ ಪ್ಯಾಡನ್ನು ನಾಲ್ಕಾಗಿ ಮಡಚಿ, ಮೇಲೆ ಫೈಲಿನ ಕಟ್ಟು ಹೇರಿ ಇಟ್ಟಿದ್ದನ್ನು ನೋಡಿದ್ದೇನೆ. ಸುತ್ತಿಡಿ, ಮಡಚಬೇಡಿ ಎಂದು ಹೇಳಿ ಹೇಳಿ ಬಾಯಿ ನೋಯುತ್ತದೆ. ಇನ್ನೊಂದು ಶತ್ರು ಸೇಫ್ಟಿ ಪಿನ್ನು. ಹೊದಿಕೆ ಜಾರದಿರಲಿ ಎಂದು ಚುಚ್ಚುತ್ತಾರೆ, ಕೆಳಗಿರುವುದು ನೀರಿನ ಚೀಲ ಎಂಬುದು ಮರೆತುಹೋಗುತ್ತದೆ.

ಈಗ ಕಾಗದದಲ್ಲಿ ಯಾರೂ ಕೇಳದ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಸೋರಿಕೆ ಎಂದರೆ ನೀರು ಹೊರಗೆ ಬರಬೇಕು ಎಂದೇ ನಾವೆಲ್ಲ ಅಂದುಕೊಂಡಿದ್ದೇವೆ. ಹಾಗೇನಿಲ್ಲ.

ನಮ್ಮದು ಚನ್ನರಾಯಪಟ್ಟಣ ತಾಲ್ಲೂಕಿನ ಹಳ್ಳಿ. ತೆರೆದ ಬಾವಿ, ಮೂರು ಎಚ್‌ಪಿ ಮೋಟರು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ಮೋಟರು ಗುಯ್‌ಗುಟ್ಟುತ್ತಿದೆ, ನೀರು ಮಾತ್ರ ಕೆಮ್ಮಿ ಕೆಮ್ಮಿ ಬರುತ್ತಿದೆ. ನಾನು ಪೈಪಿನುದ್ದಕ್ಕೂ ಕೈಯಾಡಿಸಿಕೊಂಡು ಬಾವಿಗೆ ಇಳಿದು ಹತ್ತಿದೆ. ಎಲ್ಲೂ ಒಂದು ಹನಿ ತೇವ ಇಲ್ಲ. ‘ಎಲ್ಲೂ ಸೋರ್ತಿಲ್ಲ ಕಣಪ್ಪ’ ಅಂದೆ. ನಮ್ಮಪ್ಪ ಕೂತಲ್ಲಿಂದಲೇ, ‘ಸೋರಾದಲ್ಲ ಕಣ್ಲಾ, ಗಾಳಿ ಎಳ್ಕತೈತೆ’ ಅಂದರು. ಎದ್ದು ಬಂದು ಒಂದು ಊದುಕಡ್ಡಿ ಹಚ್ಚಿ ಸಕ್ಷನ್ ಪೈಪಿನ ಜಾಯಿಂಟುಗಳ ಹತ್ತಿರ ಹಿಡಿದುಕೊಂಡು ಹೋದರು. ಮೂರನೇ ಜಾಯಿಂಟಿನಲ್ಲಿ ಹೊಗೆ ನೆಟ್ಟಗೆ ಏರುವುದನ್ನು ಬಿಟ್ಟು ಪೈಪಿನ ಕಡೆಗೆ ಬಾಗಿ ಒಳಗೆ ಹೋಯಿತು. ಅಲ್ಲಿಗೆ ಜೇಡಿಮಣ್ಣು ಮೆತ್ತಿ ಮೋಟರ್ ಹಾಕಿದರೆ ನೀರು ಧಾರೆಯಾಗಿ ಬಿತ್ತು. ಪಂಪಿನ ಮುಂದಿನ ಪೈಪು ತೂತಾದರೆ ನೀರು ಚಿಮ್ಮುತ್ತದೆ. ಹಿಂದಿನ ಪೈಪು ತೂತಾದರೆ ನೀರು ಹೊರಬರುವುದಿಲ್ಲ, ಗಾಳಿ ಒಳನುಗ್ಗುತ್ತದೆ. ತಳ್ಳುವ ಕಡೆ, ಎಳೆಯುವ ಕಡೆ. ವ್ಯತ್ಯಾಸ ಅಷ್ಟೇ.

ಆ ಪಾಠ ನನ್ನ ಅನ್ನಕ್ಕೆ ಬಂದದ್ದು ಇಪ್ಪತ್ತು ವರ್ಷಗಳ ಮೇಲೆ, ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ. ರಾತ್ರಿ ಹನ್ನೊಂದೂವರೆಗೆ ಕರೆ. ಹೃದಯ ನಿಂತು ಮರಳಿದ ನಡುವಯಸ್ಸಿನವರೊಬ್ಬರು, ತೊಡೆಗೂ ಪಕ್ಕೆಗೂ ಪ್ಯಾಡ್ ಅಂಟಿಸಿದ್ದಾರೆ, ಮೈಯ ಬಿಸಿ ಎರಡು ಗಂಟೆಯಿಂದ ಒಂದೇ ಕಡೆ ನಿಂತಿದೆ. ಡ್ಯೂಟಿ ಡಾಕ್ಟರು, ಇಬ್ಬರು ಸಿಸ್ಟರು ಹಾಸಿಗೆಯನ್ನೆಲ್ಲ ತಡಕಿದ್ದಾರೆ. ಒಣ ಬಟ್ಟೆ ಹಾಸಿ ಒತ್ತಿ ನೋಡಿದ್ದಾರೆ. ಎಲ್ಲವೂ ಒಣ. ‘ಲೀಕ್ ಇಲ್ಲ ಸರ್, ಮಿಷನ್ನೇ ಹೋಗಿದೆ’ ಎಂದರು. ನಾನು ಬಗ್ಗಿ ಪಾರದರ್ಶಕ ಪೈಪಿಗೆ ಟಾರ್ಚ್ ಬಿಟ್ಟೆ. ಜೋಳದ ಕಾಳಿನಷ್ಟು ಗುಳ್ಳೆಗಳು ಸಾಲುಗಟ್ಟಿ ಓಡುತ್ತಿವೆ. ನಮ್ಮ ಬಾವಿ ಕಣ್ಣಮುಂದೆ ಬಂತು. ಆ ಬಗೆಯ ಮಿಷನ್ನಿನಲ್ಲಿ ಪಂಪು ನೀರನ್ನು ಪ್ಯಾಡಿಗೆ ತಳ್ಳುವುದಿಲ್ಲ, ಪ್ಯಾಡಿನಿಂದ ಎಳೆದುಕೊಳ್ಳುತ್ತದೆ. ಬೇಕೆಂದೇ ಹಾಗೆ ಮಾಡಿದ್ದಾರೆ, ಪ್ಯಾಡಿಗೆ ಸಣ್ಣ ತೂತು ಬಿದ್ದರೂ ನೀರು ರೋಗಿಯ ಮೇಲೆ ಸುರಿಯದಿರಲಿ ಎಂದು. ಜಾಣ ಉಪಾಯವೇ. ಆದರೆ ಅದೇ ಉಪಾಯ ಸೋರಿಕೆಯನ್ನು ಕಣ್ಣಿಗೆ ಕಾಣದಂತೆ ಮುಚ್ಚಿಡುತ್ತದೆ. ಹಾಸಿಗೆ ಒಣಗಿರುತ್ತದೆ, ಪ್ಯಾಡಿನೊಳಗೆ ನೀರಿನ ಜಾಗದಲ್ಲಿ ಗಾಳಿ ಕೂತಿರುತ್ತದೆ, ಮೈ ತಣ್ಣಗಾಗುವುದಿಲ್ಲ. ಒಂದೊಂದೇ ಪ್ಯಾಡಿನ ಪೈಪು ಬಿಚ್ಚಿ ನೋಡುತ್ತಾ ಹೋದೆ. ಎಡತೊಡೆಯ ಪ್ಯಾಡ್ ಬಿಚ್ಚಿದ ಕೂಡಲೇ ಗುಳ್ಳೆ ನಿಂತು ಹರಿವು ಏರಿತು. ಆ ಕನೆಕ್ಟರಿನ ರಬ್ಬರ್ ರಿಂಗು ತಿರುಚಿ ಕೂತಿತ್ತು. ಹಿಂದಿನ ಸರ್ವಿಸಿನಲ್ಲಿ ಅದನ್ನು ಕೂರಿಸಿದವನು ನಾನೇ. ಅದನ್ನು ಅವತ್ತು ಅವರಿಗೆ ಹೇಳಿದೆನೋ ಇಲ್ಲವೋ ಎಂದು ನೀವು ಕೇಳಬಹುದು. ಹೇಳಿದೆ, ಆದರೆ ರಿಂಗು ಬದಲಾಯಿಸಿ, ಮೈಯ ಬಿಸಿ ಇಳಿಯತೊಡಗಿದ ಮೇಲೆ ಹೇಳಿದೆ.

(ಅಪ್ಪನ ಊದುಕಡ್ಡಿ ಉಪಾಯವನ್ನು ದಯವಿಟ್ಟು ಯಾರೂ ವಾರ್ಡಿನಲ್ಲಿ ಮಾಡಬೇಡಿ. ಆಮ್ಲಜನಕ ಹರಿಯುವ ಕೋಣೆಯಲ್ಲಿ ಕಿಡಿಯೇ ಬೇಡ.)

ಹಾಗಾಗಿ ಸೋರಿಕೆ ಹುಡುಕಲು ಹಾಸಿಗೆ ತಡಕುವ ಮೊದಲು ಮಿಷನ್ನಿನ ಮುಖ ನೋಡಿ ಅನ್ನುತ್ತೇನೆ. ಅಲ್ಲಿ ಮೂರು ಅಂಕಿಗಳಿರುತ್ತವೆ. ರೋಗಿಯ ಮೈಯ ಬಿಸಿ, ನೀರಿನ ಬಿಸಿ, ನೀರಿನ ಹರಿವು. ಮೂರನ್ನೂ ಒಟ್ಟಿಗೆ ಓದಬೇಕು. ನೀರು ಆದಷ್ಟೂ ತಣ್ಣಗಾಗಿ ನಾಲ್ಕೈದು ಡಿಗ್ರಿಗೆ ಬಂದು ನಿಂತಿದೆ, ಹರಿವು ಚೆನ್ನಾಗಿದೆ, ಆದರೂ ಮೈ ಇಳಿಯುತ್ತಿಲ್ಲ ಎಂದರೆ ರೋಗಿ ಜ್ವರದಲ್ಲಿ ಕುದಿಯುತ್ತಿದ್ದಾರೆ ಅಥವಾ ಒಳಗೇ ನಡುಗುತ್ತಿದ್ದಾರೆ. ನಡುಕವೂ ಬಿಸಿ ಹುಟ್ಟಿಸುತ್ತದೆ. ಕೆಲವೊಮ್ಮೆ ಹೊರಗೆ ಕಾಣುವುದೇ ಇಲ್ಲ, ದವಡೆಯ ಮೇಲೆ ಕೈಯಿಟ್ಟರೆ ಮಾತ್ರ ಗೊತ್ತಾಗುತ್ತದೆ. ಅದು ಡಾಕ್ಟರ ಕೆಲಸ. ನೀರು ತಣ್ಣಗಿದೆ, ಹರಿವು ಬಿದ್ದಿದೆ ಎಂದರೆ ಅದು ನನ್ನ ಕೆಲಸ. ಪೈಪು ಮಂಚದ ಕಂಬಿಗೆ ಸಿಕ್ಕಿ ಮಡಚಿರಬಹುದು, ಟ್ಯಾಂಕಿನಲ್ಲಿ ನೀರು ಕಡಿಮೆ ಇರಬಹುದು, ಗಾಳಿ ಎಳೆಯುತ್ತಿರಬಹುದು. ಹಾಸನದ ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿದ್ದರೆ ಹಳೇ ಮೇಸ್ತ್ರಿ ಕಂಪ್ರೆಸರ್ ಬಿಚ್ಚುವುದಿಲ್ಲ, ಮೊದಲು ಬಾಗಿಲು ಸರಿಯಾಗಿ ಹಾಕಿದೆಯಾ ಅಂತ ನೋಡಿ ಬರುತ್ತಾನೆ. ಹಾಗೆ. ಮಗುವಿನ ವಿಷಯದಲ್ಲಿ ಇನ್ನೊಂದು ಮೋಸವಿದೆ. ಬಿಸಿ ಅಳೆಯುವ ತಂತಿಯನ್ನು ಗುದದ್ವಾರದಲ್ಲಿಟ್ಟಿರುತ್ತಾರೆ. ಅದು ಜಾರಿ ಹೊರಬಂದರೆ ಮಗು ವಿಪರೀತ ತಣ್ಣಗಾಗಿದೆ ಎಂದು ಮಿಷನ್ ತಪ್ಪು ತಿಳಿದು ನೀರನ್ನು ಬೆಚ್ಚಗೆ ಮಾಡತೊಡಗುತ್ತದೆ. ಯಾವ ಸೋರಿಕೆಯೂ ಇರುವುದಿಲ್ಲ, ಚಿಕಿತ್ಸೆ ಮಾತ್ರ ಹಿಮ್ಮುಖವಾಗಿ ಓಡುತ್ತಿರುತ್ತದೆ.

ತಳ್ಳುವ ಬಗೆಯ ಮಿಷನ್ನುಗಳೂ ಇವೆ. ನೀರಿನ ಹಾಸಿಗೆಗಳಲ್ಲಿ ಬಹುಪಾಲು ಅವೇ. ಅವು ಸೋರಿದರೆ ಒದ್ದೆಯಾಗುತ್ತದೆ. ಆದರೆ ಒದ್ದೆಯಾದದ್ದೆಲ್ಲ ಸೋರಿಕೆಯಲ್ಲ. ಅರಕಲಗೂಡಿನ ಅಜ್ಜನ ಪ್ರಶ್ನೆಗೆ ಉತ್ತರ ಇಲ್ಲಿದೆ. ಜುಲೈನಲ್ಲಿ ನಮ್ಮ ಕಡೆ ಗಾಳಿ ನೀರಿನಿಂದ ತೊಯ್ದಿರುತ್ತದೆ. ಕೋಣೆ 25 ಡಿಗ್ರಿ ಇದ್ದು ಗಾಳಿಯ ತೇವ ಶೇಕಡಾ 80 ಇದ್ದರೆ, 21 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಇಬ್ಬನಿ ಕೂರುತ್ತದೆ. ಫ್ರಿಜ್ಜಿನಿಂದ ತೆಗೆದಿಟ್ಟ ಮಜ್ಜಿಗೆ ಲೋಟ ಬೆವರುವುದಿಲ್ಲವೇ? ಮಗುವನ್ನು 37ರಿಂದ 33.5ಕ್ಕೆ ಇಳಿಸುವ ಮೊದಲ ಒಂದೆರಡು ಗಂಟೆ ಮಿಷನ್ ತನ್ನ ಅತಿ ತಣ್ಣನೆಯ ನೀರನ್ನು ಬಿಡುತ್ತದೆ. ಪೈಪು ಬೆವರುವುದು ಆಗಲೇ. ಒಮ್ಮೆ ಇಳಿದ ಮೇಲೆ ಅಷ್ಟು ತಣ್ಣನೆಯ ನೀರು ಬೇಕಾಗುವುದಿಲ್ಲ, ಪೈಪು ತಾನಾಗಿ ಒಣಗುತ್ತದೆ. ಮಾರನೇ ದಿನ ಯಾರೂ ರಿಪೇರಿ ಮಾಡದೆ ಒಣಗಿತ್ತು ಎಂದು ನೀವೇ ಬರೆದಿದ್ದೀರಿ. ತೂತು ರಾತ್ರೋರಾತ್ರಿ ತಾನೇ ಮುಚ್ಚಿಕೊಳ್ಳುವುದಿಲ್ಲ. ನೀವು ನೋಡಿದ್ದು ಬಹುತೇಕ ಬೆವರು.

ವಾರ್ಡಿನಲ್ಲಿ ನಿಂತವರಿಗೆ ಮಾತ್ರ ಇದನ್ನು ಮಾರನೇ ದಿನದವರೆಗೆ ಕಾದು ನೋಡುವ ಪುರುಸೊತ್ತಿಲ್ಲ. ಅದಕ್ಕೆ ಹೊಳೆನರಸೀಪುರದಲ್ಲಿ ನಾನು ಕಂಡ ಹಿರಿಯ ಸಿಸ್ಟರೊಬ್ಬರ ಕೈಚಳಕ ಹೇಳುತ್ತೇನೆ. ಹೆಸರು ಬೇಡ ಅಂದಿದ್ದಾರೆ. ನಿವೃತ್ತರಾಗಿ ಈಗ ಮನೆಯಲ್ಲಿ ಸಂಡಿಗೆ ಹಾಕಿಕೊಂಡಿದ್ದಾರೆ. ಹಾಸಿಗೆ ಒದ್ದೆ ಎಂದು ಯಾರಾದರೂ ಓಡಿ ಬಂದರೆ ಆಕೆ ಮೊದಲು ಪೈಪನ್ನು ಒಣ ಗಾಜ್ ಬಟ್ಟೆಯಲ್ಲಿ ಉದ್ದಕ್ಕೂ ಒರೆಸಿ ಐದು ನಿಮಿಷ ಬಿಡುತ್ತಿದ್ದರು. ಬೆವರಾದರೆ ಎಲ್ಲ ಕಡೆ ಮಂಜಿನಂತೆ ಸಮನಾಗಿ ಮತ್ತೆ ಕೂರುತ್ತದೆ. ಸೋರಿಕೆಯಾದರೆ ಒಂದೇ ಜಾಗದಲ್ಲಿ ಹನಿಗಟ್ಟುತ್ತದೆ. ಅಷ್ಟಕ್ಕೂ ಗೊತ್ತಾಗದಿದ್ದರೆ ಹಾಸಿಗೆಯ ಆ ನೀರಿನ ಎರಡು ಹನಿಯನ್ನು ಸ್ಟೀಲ್ ಟ್ರೇಯ ಬೆನ್ನಿನ ಮೇಲೆ ಬಿಟ್ಟು ಟೇಬಲ್ ಲ್ಯಾಂಪಿನ ಕೆಳಗಿಡುತ್ತಿದ್ದರು. ಆರಿದ ಮೇಲೆ ಬಿಳಿ ಕಲೆ ಉಳಿದರೆ ಅದು ಡ್ರಿಪ್ಪಿನ ಸಲೈನು, ಪ್ಯಾಡನ್ನು ಬಯ್ಯಬೇಡಿ, ಕೈಗೆ ಹಾಕಿದ ಸೂಜಿ ನೋಡಿ. ಕಲೆಯೇ ಇಲ್ಲದಿದ್ದರೆ ಮಿಷನ್ನಿನ ನೀರು ಅಥವಾ ಬೆವರು. ಯಾಕೆಂದರೆ ಮಿಷನ್ನಿಗೆ ಹಾಕುವುದು ಡಿಸ್ಟಿಲ್ಡ್ ವಾಟರ್, ಅದರಲ್ಲಿ ಉಪ್ಪಿಲ್ಲ. (ಬೋರ್‌ವೆಲ್ ನೀರು ಹಾಕುವ ಪುಣ್ಯಾತ್ಮರೂ ಇದ್ದಾರೆ. ಆರು ತಿಂಗಳಲ್ಲಿ ಪೈಪಿನೊಳಗೆ ಸುಣ್ಣ ಕಟ್ಟಿ, ನಮ್ಮ ಬಾಯ್ಲರಿನ ಗತಿ ಅದಕ್ಕೂ ಬರುತ್ತದೆ.) ಬೆವರೋ ಮಿಷನ್ನಿನ ನೀರೋ ಎಂಬ ಕೊನೆಯ ಅನುಮಾನವನ್ನು ಬಗೆಹರಿಸುವುದು ಟ್ಯಾಂಕು. ಬೆವರು ಎಷ್ಟೇ ಸುರಿದರೂ ಟ್ಯಾಂಕಿನ ಮಟ್ಟ ಇಳಿಯುವುದಿಲ್ಲ.

ಸೋರಿಕೆ ಚಿಕ್ಕದು ಎಂದು ಉದಾಸೀನ ಮಾಡುವವರಿಗೆ ಒಂದು ಲೆಕ್ಕ. ಸಾಮಾನ್ಯ ಡ್ರಿಪ್ ಸೆಟ್ಟಿನಲ್ಲಿ ಇಪ್ಪತ್ತು ಹನಿಗೆ ಒಂದು ಎಂಎಲ್. ಪ್ಯಾಡಿನಿಂದಲೂ ಅದೇ ಗಾತ್ರದ ಹನಿ ಸೆಕೆಂಡಿಗೊಂದರಂತೆ ಬೀಳುತ್ತಿದ್ದರೆ ನಿಮಿಷಕ್ಕೆ ಮೂರು ಎಂಎಲ್, ಗಂಟೆಗೆ 180, ದಿನಕ್ಕೆ ನಾಲ್ಕು ಲೀಟರ್ ದಾಟುತ್ತದೆ. ಅದು ಒಂದು ಕೊಡದ ಕಾಲುಭಾಗದಷ್ಟು, ಮೈ ಅಲುಗಿಸಲಾಗದೆ ಮಲಗಿರುವ ಮನುಷ್ಯನ ಬೆನ್ನಿನ ಕೆಳಗೆ. ಚರ್ಮ ನೆನೆದು ಹುಣ್ಣಾಗುತ್ತದೆ. ಪಕ್ಕದಲ್ಲೇ ಕರೆಂಟಿನ ಮಿಷನ್ನುಗಳು. ನೀರು ಆರುವಾಗ ಮೈಯ ಬಿಸಿಯನ್ನೂ ಎಳೆದುಕೊಳ್ಳುವುದರಿಂದ ಲೆಕ್ಕಕ್ಕೆ ಸಿಗದ ತಂಪು ಬೇರೆ. ಅದಕ್ಕಿಂತ ಹೆಚ್ಚಿನ ಭಯ ಸೋಂಕಿನದು. ನಿಂತ ನೀರಿನಲ್ಲಿ ಏನು ಬೆಳೆಯುತ್ತದೆ ಎಂದು ಯಾರಿಗೆ ಗೊತ್ತಿಲ್ಲ? ತೆರೆದ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತವನ್ನು ತಣ್ಣಗೆ, ಬೆಚ್ಚಗೆ ಮಾಡಲು ಬಳಸುವ ನೀರಿನ ಮಿಷನ್ನುಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಆ ಟ್ಯಾಂಕುಗಳಲ್ಲಿ ಬೆಳೆದ ‘ಮೈಕೋಬ್ಯಾಕ್ಟೀರಿಯಂ ಕಿಮೆರಾ’ ಎಂಬ, ಕ್ಷಯದ ದಾಯಾದಿಯಾದ ರೋಗಾಣು ನೀರಿನ ಸೂಕ್ಷ್ಮ ಹನಿಗಳೊಂದಿಗೆ ಗಾಳಿಗೆ ಹಾರಿ ತೆರೆದ ಎದೆಯೊಳಗೆ ಇಳಿದಿತ್ತು. ಲಕ್ಷಣ ಕಾಣಿಸಿಕೊಳ್ಳಲು ತಿಂಗಳುಗಳು, ಕೆಲವರಲ್ಲಿ ವರ್ಷಗಳೇ ಹಿಡಿದವು. ಅದು ಬೇರೆ ಮಿಷನ್ನು, ಪ್ಯಾಡಿನ ಮಿಷನ್ನಲ್ಲ. ಆದರೆ ನೀರು ತುಂಬಿದ ಯಾವ ಮಿಷನ್ನನ್ನೂ ಅಲ್ಲಿಂದೀಚೆಗೆ ನಾನು ಹಗುರವಾಗಿ ನೋಡಿಲ್ಲ.

‘ಸೋರಿದರೆ ಕೂಗುವ ಸೆನ್ಸರ್ ಇಲ್ಲವೇ?’ ಎಂದು ಎಂಜಿನಿಯರಿಂಗ್ ಓದುವ ಹುಡುಗರು ಕೇಳುತ್ತಾರೆ. ಇದೆ. ಎರಡು ತಂತಿಗಳನ್ನು ಹತ್ತಿರ ಹತ್ತಿರ ಇಟ್ಟು, ನಡುವೆ ನೀರು ಬಂದರೆ ಕರೆಂಟು ಹರಿದು ಅಲಾರಂ ಹೊಡೆಯುವ ಪಟ್ಟಿ. ನಿಮ್ಮ ಮನೆಯ ಸಂಪಿನ ಮೋಟರು ತಾನಾಗಿ ಆಫ್ ಆಗುವುದೂ ಎಷ್ಟೋ ಕಡೆ ಇದೇ ಉಪಾಯದಿಂದ. ಇಲ್ಲೊಂದು ತಮಾಷೆಯಿದೆ. ಮಿಷನ್ನಿಗೆ ಹಾಕುವ ಶುದ್ಧ ಡಿಸ್ಟಿಲ್ಡ್ ನೀರು ಕರೆಂಟನ್ನು ಸರಿಯಾಗಿ ಹರಿಯಗೊಡುವುದಿಲ್ಲ. ಅದು ಹಾಸಿಗೆಯ ಬೆವರು, ಧೂಳು, ಸೋಪಿನ ಅಂಶ ಕರಗಿಸಿಕೊಂಡ ಮೇಲೆಯೇ ಸೆನ್ಸರು ಎಚ್ಚರವಾಗುವುದು. ಅಷ್ಟರಲ್ಲಿ ಸಾಕಷ್ಟು ಒದ್ದೆಯಾಗಿರುತ್ತದೆ. ಉಪ್ಪಿನ ಬೆವರಿಗೂ ಮೂತ್ರಕ್ಕೂ ಮಾತ್ರ ಥಟ್ಟನೆ ಕೂಗುತ್ತದೆ. ನಾಲ್ಕು ಸಲ ಸುಮ್ಮಸುಮ್ಮನೆ ಕೂಗಿದ ಅಲಾರಂ ಅನ್ನು ಐದನೇ ಸಲ ಯಾರು ಕೇಳುತ್ತಾರೆ? ಸೆನ್ಸರ್ ಬೇಡ ಎನ್ನುತ್ತಿಲ್ಲ. ಅದನ್ನು ನಂಬಿ ಕಣ್ಣು ಮುಚ್ಚಬೇಡಿ ಅಷ್ಟೇ.

ನನಗೆ ಹೆಚ್ಚು ನಂಬಿಕೆ ಇರುವುದು ರೋಗಿ ಬರುವ ಮೊದಲಿನ ಹತ್ತು ನಿಮಿಷದ ಮೇಲೆ. ಸೈಕಲ್ ಷಾಪಿನವನು ಟ್ಯೂಬಿಗೆ ಗಾಳಿ ತುಂಬಿ ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಾನಲ್ಲ, ಅದೇ ಶ್ರದ್ಧೆ. ಪ್ಯಾಡನ್ನು ಖಾಲಿ ಟೇಬಲ್ಲಿನ ಮೇಲೆ ಹಾಸಿ, ಕೆಳಗೆ ಹಳೇ ನ್ಯೂಸ್ ಪೇಪರ್ ಹರಡಿ, ನೀರು ಬಿಟ್ಟು ಹತ್ತು ನಿಮಿಷ ಓಡಿಸಿ. ತೇವ ತಾಗಿದರೆ ಪೇಪರಿನ ಬಣ್ಣ ಕೂಡಲೇ ಗಾಢವಾಗುತ್ತದೆ. ಎಳೆಯುವ ಬಗೆಯ ಮಿಷನ್ನಾದರೆ ಪೇಪರನ್ನಲ್ಲ, ಪೈಪಿನೊಳಗಿನ ಗುಳ್ಳೆ ನೋಡಿ. (ಈ ಪತ್ರಿಕೆಯನ್ನೇ ಬಳಸಿದರೆ ಸಂಪಾದಕರು ಬೇಸರ ಮಾಡಿಕೊಳ್ಳಲಾರರು.) ಬಿಪಿ ನೋಡುವ ಪಟ್ಟಿಗೂ ಇಂಥದ್ದೇ ಪರೀಕ್ಷೆ ಇದೆ. ಗಾಳಿ ತುಂಬಿ ಕೀಲಿ ಮುಚ್ಚಿದ ಮೇಲೆ ನಿಮಿಷಕ್ಕೆ ನಾಲ್ಕು ಮಿಲಿಮೀಟರ್ ಪಾದರಸಕ್ಕಿಂತ ಹೆಚ್ಚು ಇಳಿಯಬಾರದು ಎಂಬುದು ಕೈಯಿಂದ ಒತ್ತುವ ಬಿಪಿ ಮಿಷನ್ನಿಗೆ ಅಂತರರಾಷ್ಟ್ರೀಯ ಮಾನದಂಡ. ಪ್ಯಾಡಿಗೆ ಆ ಅಂಕಿ ಹೊಂದುವುದಿಲ್ಲ, ಅದಕ್ಕೆ ತಾಳುವಷ್ಟು ಒತ್ತಡವೇ ಬೇರೆ. ತಯಾರಕರು ಹೇಳಿದ ಮಿತಿ ಮೀರಿ ಊದಿದರೆ ಇಲ್ಲದ ಸೋರಿಕೆಯನ್ನು ನಾವೇ ಹುಟ್ಟಿಸುತ್ತೇವೆ. ಆದರೆ ತುಂಬು, ಮುಚ್ಚು, ಮುಳ್ಳು ಇಳಿಯುತ್ತದಾ ನೋಡು ಎಂಬ ತತ್ವ ಅದೇ.

ಪಂಪೇ ಇಲ್ಲದ ದಾರಿಯೂ ಒಂದಿದೆ, ಅದು ನಮ್ಮ ದೇಶದ್ದೇ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಜೊತೆಗೂಡಿ ರೂಪಿಸಿದ ‘ಮಿರಾಕ್ರೇಡಲ್’ ಎಂಬ ತೊಟ್ಟಿಲು. ಡಿಸೆಂಬರಿನಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ ಬಾಟಲಿಯನ್ನು ಕೈಯಲ್ಲಿ ಹಿಡಿದು ನೋಡಿ. ಪೂರ್ತಿ ಕರಗುವ ತನಕ ಅದು ನಿಮ್ಮ ಕೈಯ ಬಿಸಿಯನ್ನು ಕುಡಿಯುತ್ತಲೇ ಇರುತ್ತದೆ, ತಾನು ಮಾತ್ರ ಹೆಚ್ಚು ಬಿಸಿಯಾಗುವುದಿಲ್ಲ. ಹಾಗೆ ಬೇಕಾದ ಡಿಗ್ರಿಯಲ್ಲೇ ಕರಗುವ ವಸ್ತುವನ್ನು ಚೀಲದಲ್ಲಿಟ್ಟು ಮಗುವನ್ನು ಅದರ ಮೇಲೆ ಮಲಗಿಸುತ್ತಾರೆ. ಕರೆಂಟು ಹೋದರೂ ನಡೆಯುತ್ತದೆ, ಪೈಪಿಲ್ಲ, ಜಾಯಿಂಟಿಲ್ಲ. ಅಂಥ ಯಾವುದೇ ಚೀಲ ಒಡೆದರೂ ಕೂಗುವ ಅಲಾರಂ ಇರುವುದಿಲ್ಲ. ಕೈಯಲ್ಲಿ ಅದುಮಿ, ತಕ್ಕಡಿಯಲ್ಲಿಟ್ಟು ತೂಕ ನೋಡಿದರೆ ಗೊತ್ತಾಗುತ್ತದೆ. ತಕ್ಕಡಿ ಎಲ್ಲ ಹೆರಿಗೆ ವಾರ್ಡಿನಲ್ಲೂ ಇದ್ದೇ ಇದೆ.

ಇನ್ನು ನನ್ನ ತಕರಾರು. ಮಿಷನ್ ಕೊಳ್ಳುವಾಗ ಟೆಂಡರು, ಉದ್ಘಾಟನೆ, ಟೇಪು, ಫೋಟೊ. ಪ್ಯಾಡು, ರಬ್ಬರ್ ರಿಂಗು, ಕನೆಕ್ಟರು ತರಿಸಿ ಎಂದರೆ ಮೂರು ತಿಂಗಳು ಫೈಲು ಓಡಾಡುತ್ತದೆ. ಎಮ್ಮೆ ಕೊಂಡವನು ಹಗ್ಗಕ್ಕೆ ಚೌಕಾಸಿ ಮಾಡಿದ ಹಾಗೆ. ಒಬ್ಬರಿಗೇ ಬಳಸಿ ಎಸೆಯಬೇಕಾದ ಪ್ಯಾಡನ್ನು ತೊಳೆದು ಒಣಗಿಸಿ ಮತ್ತೊಬ್ಬರಿಗೆ ಅಂಟಿಸಿದ್ದನ್ನು ಖಾಸಗಿ ಕಡೆಯೂ ನೋಡಿದ್ದೇನೆ. ಸರ್ಕಾರಿ ಆಸ್ಪತ್ರೆಗಳ ಮಿಷನ್ ನಿಗಾಕ್ಕೆ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ 2015ರಿಂದ ಒಂದು ಕಾರ್ಯಕ್ರಮವೇ ಇದೆ. ಅದೇ ವರ್ಷ ಜುಲೈನಲ್ಲಿ ವೈದ್ಯಕೀಯ ಸಾಧನಗಳಿಂದಾದ ತೊಂದರೆಗಳನ್ನು ದಾಖಲಿಸುವ ‘ಮೆಟೀರಿಯೋವಿಜಿಲೆನ್ಸ್’ ವ್ಯವಸ್ಥೆಯೂ ಶುರುವಾಯಿತು, ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತದೆ. ಪ್ಯಾಡ್ ಸೋರಿ ಒಬ್ಬರಿಗೆ ಹುಣ್ಣಾದರೂ ಅಲ್ಲಿಗೆ ಬರೆಯಬಹುದು. ಬರೆಯುವವರು ಕಡಿಮೆ. ಬರೆದರೆ ತನ್ನ ಮೇಲೇ ಬರುತ್ತದೆ ಎಂಬ ಅಂಜಿಕೆ. ನಾನೂ ನನ್ನ ತಿರುಚಿದ ರಿಂಗಿನ ಕಥೆಯನ್ನು ಕಾಗದದ ಮೇಲೆ ಬರೆಯುತ್ತಿರುವುದು ಇವತ್ತೇ ಮೊದಲು.

ಅರಕಲಗೂಡಿನ ಅಜ್ಜ ಇನ್ನೊಂದು ಮಾತು ಕೇಳಿದ್ದಾರೆ. ಗಾಜಿನಾಚೆ ನಿಂತ ನಾವು ಏನು ಮಾಡಬೇಕಿತ್ತು? ನೀವು ಮಾಡಿದ್ದನ್ನೇ ಮಾಡಬೇಕಿತ್ತು, ನೋಡಬೇಕಿತ್ತು. ಒಳಗೆ ಹೋಗಿ ಒರೆಸುವುದು, ಪೈಪು ಜಗ್ಗುವುದು, ಮಗುವಿಗೆ ಚಳಿಯಾದೀತು ಎಂದು ಉಣ್ಣೆ ಬಟ್ಟೆ ಹೊದಿಸುವುದು ಬೇಡ. ಸಿಸ್ಟರನ್ನು ಕರೆದು, ‘ಸಿಸ್ಟರ್, ಅಲ್ಲಿ ಹನಿ ಬೀಳ್ತಿದೆ, ಟ್ಯಾಂಕ್ ನೀರು ಕಮ್ಮಿ ಆಗಿದೆಯಾ ನೋಡ್ತೀರಾ?’ ಎಂದರೆ ಸಾಕು. ಆಕೆ ಬೈಯಬಹುದು. ಬೈದರೂ ತಿರುಗಿ ಒಮ್ಮೆ ಟ್ಯಾಂಕಿನ ಕಡೆ ನೋಡುತ್ತಾಳೆ.

ಹೊಳೆನರಸೀಪುರದ ಆ ಹಿರಿಯ ಸಿಸ್ಟರು ಟ್ಯಾಂಕಿನ ಕಿಟಕಿಯ ಪಕ್ಕ ಉದ್ದಕ್ಕೆ ಒಂದು ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸಿ, ಡ್ಯೂಟಿ ಬದಲಾದಾಗಲೆಲ್ಲ ನೀರಿನ ಮಟ್ಟಕ್ಕೆ ಬಾಲ್ ಪೆನ್ನಿನಲ್ಲಿ ಗೆರೆ ಎಳೆದು ಗಂಟೆ ಬರೆಯುತ್ತಿದ್ದರು. ಆಕೆ ನಿವೃತ್ತರಾದ ಮೇಲೆ ಒಮ್ಮೆ ಸರ್ವಿಸಿಗೆ ಹೋಗಿದ್ದೆ. ಹಳೇ ಪಟ್ಟಿ ಹಳದಿಗಟ್ಟಿತ್ತು. ಅದರ ಮೇಲೆ ಹೊಸದೊಂದು ಪಟ್ಟಿ, ಬೇರೆ ಕೈಬರಹ: ‘ಬೆ. 8’, ‘ಮ. 2’, ‘ರಾ. 8’. ಮೂರು ಗೆರೆಯೂ ಒಂದರ ಮೇಲೊಂದು ಕೂತು ದಪ್ಪನೆಯ ಒಂದೇ ಗೆರೆಯಾಗಿ ಕಾಣುತ್ತಿತ್ತು.